ಎರೆಭೂತದ ಮೊಕದ್ದಮೆಯೂ ವಕೀಲಿ ವೃತ್ತಿಯ ಹೊಣೆಯೂ

1

ಹವಾಮಾನದ ವೈಪರೀತ್ಯ, ಶಕ್ತಿಯ ಅಭಾವ, ಜೀವವೈವಿಧ್ಯದ ನಾಶ ಈ ಮೂರನ್ನೂ ಕುರಿತು ವಿಜ್ಞಾನಿಗಳು, ಅರ್ಥಶಾಸ್ತ್ರಜ್ಞರು ಮತ್ತು ಆಡಳಿತಗಾರರು ವಿಪುಲವಾಗಿ ಚರ್ಚಿಸಿದ್ದಾರೆ. ಈ ವಿಷಯದಲ್ಲಿ ವಕೀಲರು ಮಾಡತಕ್ಕದ್ದೇನು ಎಂಬ ಪ್ರಶ್ನೆಗೆ ನಮ್ಮ ಕಾನೂನು ಕಾಲೇಜುಗಳಲ್ಲಿ ದೊರೆತಿರುವ ಗಮನ ಅಲ್ಪ. ವಕೀಲನೆಂದೊಡನೆ ನಮ್ಮ ಕಣ್ಣಿಗೆ ಕಟ್ಟುವುದು ನ್ಯಾಯಾಲಯದಲ್ಲಿ ನಿಂತು ವಾದಿಸುವ ಕರಿಕೋಟಿನ ವ್ಯಕ್ತಿ. ಆದರೆ ಇಂದಿನ ವಕೀಲಿ ವೃತ್ತಿಯ ಒಂದು ದೊಡ್ಡ ಭಾಗ ನಡೆಯುವುದು ನ್ಯಾಯಾಲಯದ ಹೊರಗೆ, ಲಾ ಫರ್ಮ್ ಎಂದು ಕರೆಯಲಾಗುವ ವಕೀಲಿ ಸಂಸ್ಥೆಗಳ ಕೊಠಡಿಗಳಲ್ಲಿ. ಅಲ್ಲಿ ಗುತ್ತಿಗೆ ಪತ್ರಗಳು, ಸಾಲದ ಕರಾರುಗಳು, ವಿದ್ಯುತ್ ಖರೀದಿಯ ಒಪ್ಪಂದಗಳು ಸಿದ್ಧವಾಗುತ್ತವೆ. ಗಣಿಯಾಗಲಿ, ಕಾರ್ಖಾನೆಯಾಗಲಿ, ಸೌರಸ್ಥಾವರವಾಗಲಿ ನೆಲದ ಮೇಲೆ ಏಳುವುದಕ್ಕೆ ಮುಂಚೆ ಕಾಗದದ ಮೇಲೆ ಎದ್ದಿರುತ್ತದೆ. ಆ ಕಾಗದ ವಕೀಲನ ಕೈಯಿಂದ ಬಂದುದು.

ವಕೀಲಿ ಸಂಸ್ಥೆಗಳು ಹವಾಮಾನದ ಪ್ರಶ್ನೆಗೆ ಸಾಮಾನ್ಯವಾಗಿ ಕೊಡುವ ಉತ್ತರ ಸುಲಭವಾದದ್ದು: ಕಚೇರಿಯಲ್ಲಿ ಕಾಗದ ಕಡಿಮೆ ಬಳಸುವುದು, ವಿಮಾನಯಾನ ತಗ್ಗಿಸುವುದು, ವಿದ್ಯುದ್ದೀಪಗಳನ್ನು ಬದಲಾಯಿಸುವುದು. ಇವು ನಿಂದ್ಯವಲ್ಲ. ಆದರೆ ಉಕ್ಕಿನ ಕಾರ್ಖಾನೆಗೂ ವಕೀಲರ ಕಚೇರಿಗೂ ಇರುವ ವ್ಯತ್ಯಾಸವನ್ನು ಇಂಥ ಉತ್ತರ ಮರೆಸುತ್ತದೆ. ಕಾರ್ಖಾನೆಯ ಹೊಗೆ ಅದರ ಚಿಮಣಿಯಿಂದ ಹೊರಡುತ್ತದೆ. ವಕೀಲರ ಕಚೇರಿಗೆ ಚಿಮಣಿಯಿಲ್ಲ. ಅದರ ಕೆಲಸದ ಫಲ ಕಾಣಿಸಿಕೊಳ್ಳುವುದು ಬೇರೆಲ್ಲಿಯೋ, ಬೇರೆಯವರ ಹೆಸರಿನಲ್ಲಿ.

ಇಂಗ್ಲೆಂಡ್ ಮತ್ತು ವೇಲ್ಸಿನ ಲಾ ಸೊಸೈಟಿ 2023ರ ಏಪ್ರಿಲಿನಲ್ಲಿ ಸಾಲಿಸಿಟರರಿಗೆಂದು ಪ್ರಕಟಿಸಿದ ಮಾರ್ಗದರ್ಶಿ ಈ ವ್ಯತ್ಯಾಸವನ್ನು ಗುರುತಿಸಿತು. ಅದರ ಒಂದು ಭಾಗ ಸಂಸ್ಥೆಯ ಸ್ವಂತ ವ್ಯವಹಾರವನ್ನು ಕುರಿತದ್ದು. ಇನ್ನೊಂದು ಭಾಗ ಕಕ್ಷಿಗಾರನಿಗೆ ಕೊಡುವ ಸಲಹೆಯನ್ನು ಕುರಿತದ್ದು. ವಕೀಲನು ಸಲಹೆ ಕೊಟ್ಟು ನಡೆಸಿಕೊಟ್ಟ ವ್ಯವಹಾರದಿಂದ ವಾತಾವರಣಕ್ಕೆ ಸೇರುವ ಅನಿಲವೂ ಯೋಚಿಸತಕ್ಕ ವಿಷಯವೆಂಬ ಮಾತು ಅಲ್ಲಿ ಬಂದಿದೆ. ಅದನ್ನು ನಾವು ಸಲಹಾಜನ್ಯ ಹೊರಸೂಸುವಿಕೆ ಎನ್ನಬಹುದು. ಮಾರ್ಗದರ್ಶಿಯು ಹೊಸ ಕರ್ತವ್ಯಗಳನ್ನು ವಿಧಿಸುವುದಿಲ್ಲ. ಹವಾಮಾನಕ್ಕೆ ಸಂಬಂಧಿಸಿದ ಅಪಾಯ ಕಕ್ಷಿಗಾರನ ಕೆಲಸಕ್ಕೆ ತಟ್ಟುವಂತಿದ್ದರೆ ಅದನ್ನು ತಿಳಿಸುವುದು ವೃತ್ತಿಯ ಹಳೆಯ ಕರ್ತವ್ಯದೊಳಗೇ ಸೇರಿರಬಹುದೆಂದು ಅದು ಸೂಚಿಸುತ್ತದೆ.

ಈ ಲೇಖನದಲ್ಲಿ ನಾವು ಆ ಸೂಚನೆಯನ್ನು ನಮ್ಮ ದೇಶದ ಒಂದು ಮೊಕದ್ದಮೆಯ ಒರೆಗಲ್ಲಿಗೆ ಹಚ್ಚಿ ನೋಡಬಯಸುತ್ತೇವೆ. ಹವಾಮಾನ, ಶಕ್ತಿ, ಜೀವವೈವಿಧ್ಯ ಮೂರೂ ಒಂದೇ ಕಡತದಲ್ಲಿ ಎದುರುಬದುರಾದ ಪ್ರಕರಣ ಅದು. ನ್ಯಾಯಾಲಯದ ತೀರ್ಪುಗಳು ಅಲ್ಲಿ ಎಷ್ಟು ಸಾಧಿಸಿದವು, ಎಲ್ಲಿ ಎಡವಿದವು ಎಂಬುದನ್ನು ಮೊದಲು ಪರಿಶೀಲಿಸಿ, ಆಮೇಲೆ ವಕೀಲನ ಹೊಣೆಗೆ ಬರುವುದು ಯುಕ್ತ.

2

ಎರೆಭೂತ ಅಥವಾ ಎರ್ಲಡ್ಡು ಎಂದು ನಮ್ಮಲ್ಲಿ ಹೆಸರಾದ ಹಕ್ಕಿ ರಾಜಸ್ಥಾನದಲ್ಲಿ ಗೋಡಾವಣ್ ಎನಿಸಿಕೊಂಡಿದೆ. ಸುಮಾರು ಒಂದು ಮೀಟರ್ ಎತ್ತರದ, ಹಾರಬಲ್ಲ ಪಕ್ಷಿಗಳಲ್ಲಿ ಅತ್ಯಂತ ಭಾರವಾದವುಗಳ ಪಂಕ್ತಿಗೆ ಸೇರಿದ ಪ್ರಾಣಿ ಇದು. ಒಣ ಹುಲ್ಲುಗಾವಲೇ ಇದರ ಮನೆ. ಹೆಣ್ಣು ಸಾಮಾನ್ಯವಾಗಿ ಒಂದು ಸಲಕ್ಕೆ ಒಂದೇ ಮೊಟ್ಟೆಯನ್ನು ಬರಿ ನೆಲದ ಮೇಲಿಡುತ್ತದೆ. 1972ರ ವನ್ಯಜೀವಿ ಸಂರಕ್ಷಣ ಕಾಯಿದೆಯ ಮೊದಲನೆಯ ಅನುಸೂಚಿಯಲ್ಲಿ ಇದರ ಹೆಸರಿದೆ. ಅಳಿವಿನ ಅಂಚಿನಲ್ಲಿರುವ ಜೀವಿಗಳ ಅಂತರರಾಷ್ಟ್ರೀಯ ಪಟ್ಟಿಯಲ್ಲಿ 2011ರಿಂದ ತೀವ್ರ ಅಪಾಯದ ವರ್ಗಕ್ಕೆ ಸೇರಿದೆ. ಉಳಿದಿರುವ ಹಕ್ಕಿಗಳಲ್ಲಿ ಬಹುಪಾಲು ಜೈಸಲ್ಮೇರಿನ ಸುತ್ತಲಿನ ಥಾರ್ ಮರುಭೂಮಿಯಲ್ಲಿವೆ. ನಮ್ಮ ಬಳ್ಳಾರಿ ಜಿಲ್ಲೆಯ ಸಿರುಗುಪ್ಪದ ಕಡೆ ಬೆರಳಲ್ಲಿ ಎಣಿಸುವಷ್ಟು ಮಾತ್ರ ಕಂಡಿವೆ. ಹಿಂದೆ ರಾಣೇಬೆನ್ನೂರಿನ ಬಯಲಿನಲ್ಲಿ ಕಾಣುತ್ತಿದ್ದುವು ಈಗ ಅಲ್ಲಿಲ್ಲ.

ಈ ಹಕ್ಕಿಗೆ ನೇರ ಮುಂದಿನದನ್ನು ಕಾಣುವ ಶಕ್ತಿ ಕಡಿಮೆ. ದೇಹವೂ ಭಾರ. ಹಾರುವಾಗ ಅಡ್ಡಬಂದ ತಂತಿಯನ್ನು ಹತ್ತಿರಕ್ಕೆ ಬಂದ ಮೇಲೆ ಕಂಡರೂ ತಪ್ಪಿಸಿಕೊಂಡು ತಿರುಗಲಾರದು. ಥಾರಿನ ನೆಲವಾದರೋ ಬಿಸಿಲಿನಿಂದಲೂ ಗಾಳಿಯಿಂದಲೂ ವಿದ್ಯುತ್ತನ್ನು ತಯಾರಿಸಲು ದೇಶದಲ್ಲಿಯೇ ಅತ್ಯಂತ ಅನುಕೂಲವಾದದ್ದು. 2030ರೊಳಗೆ ಕಲ್ಲಿದ್ದಲು ಎಣ್ಣೆಗಳನ್ನು ಅವಲಂಬಿಸದ ವಿದ್ಯುತ್ತಿನ ಸಾಮರ್ಥ್ಯವನ್ನು 500 ಗಿಗಾವಾಟಿಗೆ ಏರಿಸುವೆವೆಂದು ಭಾರತ 2021ರಲ್ಲಿ ಗ್ಲಾಸ್ಗೋ ಸಮ್ಮೇಳನದಲ್ಲಿ ಘೋಷಿಸಿತು. ಆ ವಿದ್ಯುತ್ತನ್ನು ಮರುಭೂಮಿಯಿಂದ ಪಟ್ಟಣಗಳಿಗೆ ಒಯ್ಯಲು ತಂತಿ ಬೇಕು. ಹೀಗೆ ಭೂಮಿಯ ತಾಪವನ್ನು ಇಳಿಸುವ ಸಾಧನವೇ ಒಂದು ಜೀವಜಾತಿಗೆ ಮೃತ್ಯುಪಾಶವಾಯಿತು.

2019ರಲ್ಲಿ ಸರ್ವೋಚ್ಚ ನ್ಯಾಯಾಲಯಕ್ಕೆ ರಿಟ್ ಅರ್ಜಿ ಬಂದಿತು. ಅರ್ಜಿದಾರರಲ್ಲಿ ಮೊದಲಿಗರು ಎಂ. ಕೆ. ರಂಜಿತ್‌ಸಿಂಹ್, 1972ರ ಕಾಯಿದೆಯನ್ನು ರೂಪಿಸಿದವರಲ್ಲಿ ಪ್ರಮುಖರಾದ ಆಡಳಿತಗಾರರು. 2021ರ ಏಪ್ರಿಲ್ 19ರಂದು ಮುಖ್ಯ ನ್ಯಾಯಮೂರ್ತಿ ಎಸ್. ಎ. ಬೊಬ್ಡೆ ಅವರ ಪೀಠ ಸುಮಾರು 99,000 ಚದರ ಕಿಲೋಮೀಟರಿನಷ್ಟು ವಿಸ್ತಾರದ ಪ್ರದೇಶದಲ್ಲಿ ತಂತಿಗಳಿಗೆ ಹಕ್ಕಿಯನ್ನು ಎಚ್ಚರಿಸುವ ಫಲಕಗಳನ್ನು ತೂಗಬಿಡಬೇಕೆಂದೂ, ಸಾಧ್ಯವಿದ್ದೆಡೆ ತಂತಿಗಳನ್ನು ನೆಲದಡಿಗೆ ಒಯ್ಯಬೇಕೆಂದೂ ಆಜ್ಞಾಪಿಸಿತು. ಕೇಂದ್ರ ಸರ್ಕಾರ ಈ ಆಜ್ಞೆಯನ್ನು ಮಾರ್ಪಡಿಸಬೇಕೆಂದು ಕೇಳಿಕೊಂಡಿತು. 2024ರ ಮಾರ್ಚ್ 21ರಂದು ಮುಖ್ಯ ನ್ಯಾಯಮೂರ್ತಿ ಡಿ. ವೈ. ಚಂದ್ರಚೂಡ್ ಅವರ ಪೀಠ ಆ ವ್ಯಾಪಕವಾದ ನಿರ್ಬಂಧವನ್ನು ಹಿಂತೆಗೆದುಕೊಂಡು, ವಿಷಯವನ್ನು ತಜ್ಞರ ಸಮಿತಿಯೊಂದಕ್ಕೆ ಒಪ್ಪಿಸಿತು. ಅದೇ ತೀರ್ಪಿನಲ್ಲಿ, ಹವಾಮಾನ ವೈಪರೀತ್ಯದ ದುಷ್ಪರಿಣಾಮಗಳಿಂದ ಮುಕ್ತರಾಗಿರುವ ಹಕ್ಕು ಸಂವಿಧಾನದ 14 ಮತ್ತು 21ನೆಯ ಅನುಚ್ಛೇದಗಳಲ್ಲಿ ಅಡಕವಾಗಿದೆಯೆಂದು ಸಾರಿತು. 2025ರ ಡಿಸೆಂಬರ್ 19ರಂದು ನ್ಯಾಯಮೂರ್ತಿಗಳಾದ ಪಿ. ಎಸ್. ನರಸಿಂಹ ಮತ್ತು ಅತುಲ್ ಚಂದೂರ್ಕರ್ ಅವರ ಪೀಠ ಸಮಿತಿಯ ಶಿಫಾರಸುಗಳನ್ನು ಅಂಗೀಕರಿಸಿ, ಆದ್ಯತೆಯ ಪ್ರದೇಶವನ್ನು ರಾಜಸ್ಥಾನದಲ್ಲಿ 14,013 ಮತ್ತು ಗುಜರಾತಿನಲ್ಲಿ 740 ಚದರ ಕಿಲೋಮೀಟರ್ ಎಂದು ನಿಗದಿಮಾಡಿತು.

3

2024ರ ತೀರ್ಪಿನ ಗುಣವನ್ನು ಮೊದಲು ಹೇಳಬೇಕು. ಹವಾಮಾನಕ್ಕೆಂದೇ ಮೀಸಲಾದ ಸಮಗ್ರ ಕಾಯಿದೆ ನಮ್ಮ ದೇಶದಲ್ಲಿಲ್ಲ. ಅಂಥ ಕಾಯಿದೆ ಇಲ್ಲವೆಂದ ಮಾತ್ರಕ್ಕೆ ಪ್ರಜೆಗಳಿಗೆ ಹಕ್ಕೂ ಇಲ್ಲವೆನ್ನಲಾಗದು ಎಂಬ ನಿಲುವು ಧೀರವಾದದ್ದು. ಬಿಸಿಗಾಳಿ, ಬರ, ಪ್ರವಾಹಗಳು ಬಡವನ ಮೇಲೆ ಹೆಚ್ಚಾಗಿಯೂ ಸಿರಿವಂತನ ಮೇಲೆ ಕಡಿಮೆಯಾಗಿಯೂ ಬೀಳುತ್ತವೆಯಾದ್ದರಿಂದ ಇದು ಬದುಕಿನ ಪ್ರಶ್ನೆಯಂತೆಯೇ ಸಮಾನತೆಯ ಪ್ರಶ್ನೆಯೂ ಹೌದೆಂಬ ದೃಷ್ಟಿ ನ್ಯಾಯಶಾಸ್ತ್ರಕ್ಕೆ ಹೊಸ ಕಿಟಕಿಯನ್ನು ತೆರೆಯಿತು. ಎತ್ತರದ ಒತ್ತಡದ ತಂತಿಗಳನ್ನು ಅಷ್ಟು ವಿಸ್ತಾರದಲ್ಲಿ ನೆಲದಡಿಗೆ ಒಯ್ಯುವುದರ ತೊಡಕುಗಳನ್ನು ನ್ಯಾಯಾಲಯ ಗಮನಿಸಿದ್ದೂ ಸರಿಯೆ. ತಾಂತ್ರಿಕ ವಿಷಯದಲ್ಲಿ ತಜ್ಞರನ್ನು ಕೇಳಬೇಕೆಂದುದನ್ನು ದೋಷವೆನ್ನಲಾಗದು.

ಹಾಗಿದ್ದೂ ತೀರ್ಪನ್ನು ಎರಡನೆಯ ಸಲ ಓದಿದಾಗ ಒಂದು ಅಸಮಾಧಾನ ಉಳಿಯುತ್ತದೆ. ಹಕ್ಕೆಂಬುದು ಘೋಷಿತವಾದಲ್ಲಿ ಅದಕ್ಕೆ ಪ್ರತಿಯಾಗಿ ಯಾರದೋ ಮೇಲೆ ಕರ್ತವ್ಯವೊಂದು ಬೀಳಬೇಕು. ಈ ತೀರ್ಪಿನ ಆಜ್ಞಾಭಾಗದಲ್ಲಿ ಅಂಥ ಹೊಸ ಕರ್ತವ್ಯ ನಮಗೆ ಕಾಣುವುದಿಲ್ಲ. ಹೊಸ ಹಕ್ಕು ಅಲ್ಲಿ ಮಾಡಿದ ಪ್ರತ್ಯಕ್ಷ ಕೆಲಸವೆಂದರೆ ಹಕ್ಕಿಗೆ ಹಿಂದೆ ದೊರೆತಿದ್ದ ರಕ್ಷಣೆಯನ್ನು ಸಡಿಲಿಸುವ ವಾದಕ್ಕೆ ಬಲ ಕೊಟ್ಟದ್ದು. ಹವಾಮಾನವನ್ನೂ ಹಕ್ಕಿಯನ್ನೂ ಹೊಂದಿಸಿಕೊಂಡು ಹೋಗಬೇಕೆಂದು ತೀರ್ಪು ಒಪ್ಪುತ್ತದೆ, ನಿಜ. ಆದರೆ ತಕ್ಕಡಿಯ ಒಂದು ತಟ್ಟೆಯಲ್ಲಿ ರಾಷ್ಟ್ರದ ವಚನ, ಜನಕೋಟಿಯ ಆರೋಗ್ಯ, ಕೋಟ್ಯಂತರ ರೂಪಾಯಿಗಳ ಬಂಡವಾಳ. ಇನ್ನೊಂದರಲ್ಲಿ ನೂರಾರರ ಲೆಕ್ಕದಲ್ಲಷ್ಟೆ ಉಳಿದ ಹಕ್ಕಿ. ಹೀಗೆ ಜೋಡಿಸಿದ ಮೇಲೆ ತೂಕ ಎತ್ತ ವಾಲುವುದೆಂದು ಹೇಳಲು ನ್ಯಾಯಾಧೀಶನೇ ಬೇಕಾಗಿಲ್ಲ.

2025ರ ತೀರ್ಪು ಈ ಕೊರತೆಯನ್ನು ಸ್ವಲ್ಪಮಟ್ಟಿಗೆ ತುಂಬಿತು. 2013ರ ಕಂಪನಿ ಕಾಯಿದೆಯ 135ನೆಯ ಪ್ರಕರಣದಲ್ಲಿ ಹೇಳಿರುವ ಸಾಮಾಜಿಕ ಹೊಣೆಯನ್ನು ಕಂಪನಿಯ ದಾನಬುದ್ಧಿಗೆ ಬಿಟ್ಟ ವಿಷಯವೆಂದು ತಿಳಿಯಬಾರದು, ಪರಿಸರದ ಹೊಣೆ ಅದರೊಳಗೇ ಇದೆ ಎಂದು ಅದು ಹೇಳಿತು. ಜೀವಿಗಳಲ್ಲಿ ದಯೆಯಿಡಬೇಕೆಂಬ 51ಎ(ಜಿ) ಅನುಚ್ಛೇದದ ಕರ್ತವ್ಯಕ್ಕೆ ಕಂಪನಿಯೂ ಹೊರತಲ್ಲವೆಂಬುದು ಅದರ ಸಾರ. ಇದು ಸ್ವಾಗತಾರ್ಹ. ಆದರೂ 2019ರಲ್ಲಿ ಎದ್ದ ಪ್ರಶ್ನೆಗೆ 2025ರ ಕೊನೆಯಲ್ಲಿ ಉತ್ತರ ದೊರೆಯಿತು. ಒಂದು ಸಲಕ್ಕೆ ಒಂದೇ ಮೊಟ್ಟೆಯಿಡುವ ಪ್ರಾಣಿಗೆ ಆರು ವರ್ಷ ಚಿಕ್ಕ ಕಾಲವಲ್ಲ.

4

ಈ ವಿಳಂಬಕ್ಕೆ ನ್ಯಾಯಾಲಯವೊಂದನ್ನೇ ಹೊಣೆಮಾಡುವುದು ನ್ಯಾಯವಾಗದು. ಪ್ರಶ್ನೆ ನ್ಯಾಯಾಲಯಕ್ಕೆ ಬರುವ ಹೊತ್ತಿಗೆ ಎಷ್ಟೋ ಕಡೆ ಭೂಮಿ ಗುತ್ತಿಗೆಯಾಗಿತ್ತು, ಸಾಲ ಮಂಜೂರಾಗಿತ್ತು, ಕಂಬಗಳು ನೆಟ್ಟಿದ್ದುವು. ಇವೆಲ್ಲವೂ ಆದದ್ದು ದಸ್ತಾವೇಜುಗಳ ಮೂಲಕ. ಆ ದಸ್ತಾವೇಜುಗಳನ್ನು ಬರೆದ ಮೇಜಿನ ಮೇಲೆ ಹಕ್ಕಿಯ ಪ್ರಶ್ನೆ ಏಳಬೇಕೆಂದು ಒತ್ತಾಯಿಸುವ ಕಾನೂನು ಯಾವುದಿತ್ತು? 2006ರ ಪರಿಸರ ಪರಿಣಾಮ ಅಧಿಸೂಚನೆಯ ಪಟ್ಟಿಯಲ್ಲಿ ಸೌರಫಲಕಗಳ ಸ್ಥಾವರಗಳು ಸೇರಿಲ್ಲ, ಗಾಳಿಯಂತ್ರಗಳೂ ಸೇರಿಲ್ಲ, ವಿದ್ಯುತ್ ಸಾಗಿಸುವ ತಂತಿಗಳೂ ಸೇರಿಲ್ಲ. ಭೂಮಿ ಅರಣ್ಯವಾಗಿದ್ದರೆ ಬೇರೆ ಅನುಮತಿ ಬೇಕು. ಹುಲ್ಲುಗಾವಲಾದರೆ, ಅದು ಕಂದಾಯದ ದಾಖಲೆಯಲ್ಲಿ ಪಾಳುಭೂಮಿಯೆಂದು ನಮೂದಾಗಿರುವುದು ಅಪರೂಪವಲ್ಲ.

ಪಾಳುಭೂಮಿ ಎಂಬ ಈ ಪದವನ್ನು ವಿಮರ್ಶಕನು ಸುಮ್ಮನೆ ದಾಟಿ ಹೋಗಲಾರನು. ಉತ್ತು ಬಿತ್ತದ, ಕಂದಾಯ ತಾರದ ನೆಲವನ್ನೆಲ್ಲ ಒಂದೇ ಹೆಸರಿನಿಂದ ಕರೆಯುವುದು ಆಳುವವನ ಲೆಕ್ಕಪುಸ್ತಕದ ಪದ್ಧತಿ. ಆ ನೆಲದೊಡನೆ ಬಾಳಿದ ಜನಕ್ಕೆ ಬೇರೆ ಬೇರೆ ಹೆಸರುಗಳಿವೆ. ನಮ್ಮಲ್ಲಿ ಗೋಮಾಳ ಬೇರೆ, ಕಾವಲು ಬೇರೆ, ಬೀಳು ಬೇರೆ. ರಾಜಸ್ಥಾನದಲ್ಲಿ ದೇವರ ಹೆಸರಿನಲ್ಲಿ ಬಿಟ್ಟ ಕಾಡು ಹುಲ್ಲುಗಳ ಜಾಗಕ್ಕೆ ಓರಣ್ ಎನ್ನುತ್ತಾರೆ. ಅಂಥ ದೇವರಕಾಡುಗಳನ್ನು ಅಳತೆಮಾಡಿ ಗುರುತಿಸಬೇಕೆಂದು ಸರ್ವೋಚ್ಚ ನ್ಯಾಯಾಲಯ 2024ರ ಡಿಸೆಂಬರಿನಲ್ಲಿ ಆ ರಾಜ್ಯಕ್ಕೆ ನಿರ್ದೇಶನ ನೀಡಿತು. ಗುತ್ತಿಗೆ ಪತ್ರದ ಅನುಸೂಚಿಯಲ್ಲಿ ಸರ್ವೆ ನಂಬರು, ವಿಸ್ತೀರ್ಣ, ಚೆಕ್ಕುಬಂದಿ ಇವಿಷ್ಟನ್ನೇ ಬರೆದು ಮುಗಿಸುವ ವಕೀಲನಿಗೆ ಈ ಭೇದಗಳು ಕಾಣುವುದಿಲ್ಲ. ಅವನು ಸುಳ್ಳು ಬರೆದಿಲ್ಲ. ದಾಖಲೆಯಲ್ಲಿದ್ದುದನ್ನು ಬರೆದಿದ್ದಾನೆ. ದಾಖಲೆಯೇ ನೆಲದ ಅರ್ಧವನ್ನು ಮಾತ್ರ ಹೇಳಿದರೆ ಅವನ ದಸ್ತಾವೇಜೂ ಅರ್ಧ ಸತ್ಯವೇ ಆಗುತ್ತದೆ.

ಇದು ದೂರದ ಮರುಭೂಮಿಯ ಮಾತು ಮಾತ್ರವೆಂದು ತಿಳಿಯಬೇಕಾಗಿಲ್ಲ. ತುಮಕೂರು ಜಿಲ್ಲೆಯ ಪಾವಗಡದಲ್ಲಿ ಸುಮಾರು 13,000 ಎಕರೆಗಳಲ್ಲಿ 2,050 ಮೆಗಾವಾಟಿನ ಸೌರಸ್ಥಾವರವಿದೆ. ಭೂಮಿಯನ್ನು ಕೊಳ್ಳದೆ ರೈತರಿಂದ ಗುತ್ತಿಗೆಗೆ ಪಡೆದದ್ದು ಅಲ್ಲಿನ ವಿಶೇಷ; ಮೊದಲಿಗೆ ಎಕರೆಗೆ ವರ್ಷಕ್ಕೆ 21,000 ರೂಪಾಯಿ ಗುತ್ತಿಗೆ ಹಣವಿತ್ತು. ಬರದ ನಾಡಿನಲ್ಲಿ ಒಡೆತನ ರೈತನಲ್ಲಿಯೇ ಉಳಿಯುವಂತೆ ಮಾಡಿದ ಈ ಕ್ರಮ ಪ್ರಶಂಸನೀಯ. ಆದರೆ ಗುತ್ತಿಗೆ ಪತ್ರಕ್ಕೆ ಸಹಿ ಹಾಕುವವನು ಭೂಮಿಯ ಒಡೆಯ. ಅದೇ ಹೊಲದಲ್ಲಿ ಕೂಲಿಮಾಡುತ್ತಿದ್ದವನೂ ಅಲ್ಲಿ ಕುರಿ ಮೇಯಿಸುತ್ತಿದ್ದವನೂ ಆ ಪತ್ರದ ಪಕ್ಷಗಳಲ್ಲ. ಥಾರಿನಲ್ಲಿ ಹಕ್ಕಿ ದಸ್ತಾವೇಜಿನ ಹೊರಗುಳಿದಂತೆ ಇಲ್ಲಿ ಅವರು ಹೊರಗುಳಿದರು. ಕರಾರಿನ ಪಕ್ಷಗಳಿಗೆ ಮಾತ್ರ ಕಿವಿಗೊಡುವುದು ವಕೀಲಿ ಶಿಕ್ಷಣದ ಹಳೆಯ ಅಭ್ಯಾಸ.

5

ಇಲ್ಲಿ ಒಂದು ಬಲವಾದ ಆಕ್ಷೇಪವನ್ನು ಎದುರಿಸಬೇಕು. ವಕೀಲನು ಕಕ್ಷಿಗಾರನ ಸೇವಕನೇ ಹೊರತು ನ್ಯಾಯಾಧೀಶನಲ್ಲ; ತನಗೆ ಹಿಡಿಸದ ವ್ಯವಹಾರಗಳನ್ನೆಲ್ಲ ಅವನು ತಿರಸ್ಕರಿಸತೊಡಗಿದರೆ ಜನಕ್ಕೆ ಒಪ್ಪಿಗೆಯಾಗದ ಕಕ್ಷಿಗಾರನ ಪಾಡೇನು? ಈ ಆಕ್ಷೇಪದ ಹಿಂದೆ ಗೌರವಾರ್ಹವಾದ ಪರಂಪರೆಯಿದೆ. ತಾನು ವೃತ್ತಿ ನಡೆಸುವ ನ್ಯಾಯಾಲಯದಲ್ಲಿ ತಕ್ಕ ಶುಲ್ಕಕ್ಕೆ ಬಂದ ಮೊಕದ್ದಮೆಯನ್ನು ವಕೀಲನು ಒಪ್ಪಿಕೊಳ್ಳತಕ್ಕದ್ದು, ವಿಶೇಷ ಸಂದರ್ಭಗಳಲ್ಲಿ ಮಾತ್ರ ನಿರಾಕರಿಸಬಹುದು ಎಂದು ಭಾರತೀಯ ವಕೀಲರ ಪರಿಷತ್ತಿನ ನಿಯಮಗಳೂ ಹೇಳುತ್ತವೆ. ಕೊಲೆಯ ಆಪಾದಿತನಿಗೂ ವಕೀಲ ಬೇಕೆಂಬ ತತ್ತ್ವವನ್ನು ಹವಾಮಾನದ ಹೆಸರಿನಲ್ಲಿ ಸಡಿಲಿಸುವುದು ಅಪಾಯಕರ.

ಆದರೆ ಆ ತತ್ತ್ವ ಹುಟ್ಟಿದುದು ನ್ಯಾಯಾಲಯದಲ್ಲಿ, ಆಗಿಹೋದ ಕೃತ್ಯಕ್ಕಾಗಿ ವಿಚಾರಣೆಗೆ ನಿಂತವನ ರಕ್ಷಣೆಗಾಗಿ. ಕರಾರು ಬರೆಯುವ ಕೊಠಡಿಯಲ್ಲಿ ಆಗಬೇಕಾದ ಕೃತ್ಯ ಇನ್ನೂ ಆಗಿರುವುದಿಲ್ಲ. ಅದನ್ನು ಆಗಮಾಡುವುದಕ್ಕೇ ವಕೀಲನನ್ನು ಕರೆದಿರುತ್ತಾರೆ. ಇವೆರಡನ್ನೂ ಒಂದೇ ನಿಯಮದಿಂದ ಅಳೆಯುವುದು ತರ್ಕಶುದ್ಧವಲ್ಲ. ಮೇಲಾಗಿ ನಾವು ಕೇಳುತ್ತಿರುವುದು ನಿರಾಕರಣೆಯನ್ನಲ್ಲ. ಕಕ್ಷಿಗಾರನಿಗೆ ತಿಳಿಸಬೇಕಾದುದನ್ನು ತಿಳಿಸುವ ಶ್ರದ್ಧೆಯನ್ನು. ತಂತಿಯ ದಾರಿಯಲ್ಲಿ ಅನುಸೂಚಿತ ಹಕ್ಕಿಯ ನೆಲೆಯಿದೆ, ಮುಂದೆ ನ್ಯಾಯಾಲಯದ ನಿರ್ಬಂಧ ಬರಬಹುದು ಎಂದು ಮೊದಲೇ ಲಿಖಿತವಾಗಿ ಹೇಳಿದ ವಕೀಲ ಹಕ್ಕಿಗೆ ಮಾತ್ರವಲ್ಲ, ಕಕ್ಷಿಗಾರನ ಬಂಡವಾಳಕ್ಕೂ ಉಪಕಾರ ಮಾಡಿದವನಾಗುತ್ತಾನೆ. 2021ರ ಆಜ್ಞೆ ಬಂದಾಗ ಅದು ಸಂಸ್ಥೆಗಳಿಗೆ ಸಿಡಿಲಿನಂತೆ ಎರಗಿದ್ದರೆ, ಅವುಗಳ ಸಲಹೆಗಾರರು ಮೋಡವನ್ನು ನೋಡಿರಲಿಲ್ಲವೆಂದೇ ಅರ್ಥ.

ಇನ್ನೊಂದು ಆಕ್ಷೇಪ: ದಸ್ತಾವೇಜು ಬರೆದವನು ಅದರ ದೂರದ ಪರಿಣಾಮಗಳಿಗೆಲ್ಲ ಹೇಗೆ ಬಾಧ್ಯನಾದಾನು? ಇದಕ್ಕೆ ಹತ್ತಿರವಾದ ಪ್ರಶ್ನೆಯೊಂದನ್ನು ಬ್ರಿಟನ್ನಿನ ಸರ್ವೋಚ್ಚ ನ್ಯಾಯಾಲಯ 2024ರ ಜೂನ್ 20ರಂದು ಫಿಂಚ್ ಮೊಕದ್ದಮೆಯಲ್ಲಿ ತೀರ್ಮಾನಿಸಿತು. ಸರಿ ಕೌಂಟಿಯ ಹಾರ್ಸ್ ಹಿಲ್ಲಿನಲ್ಲಿ ತೈಲ ತೆಗೆಯಲು ಅನುಮತಿ ಕೊಡುವ ಮುನ್ನ ಆ ತೈಲ ಮುಂದೆಲ್ಲೋ ಉರಿದು ಹೊಮ್ಮಿಸುವ ಅನಿಲವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕೆ ಎಂಬುದು ಅಲ್ಲಿನ ವಿವಾದ. ಐವರಲ್ಲಿ ಮೂವರು ನ್ಯಾಯಾಧೀಶರು ಹೌದೆಂದರು. ತೈಲ ತೆಗೆಯುವುದೇ ಉರಿಸುವುದಕ್ಕಾಗಿ. ಉರಿಯುವುದು ನಿಶ್ಚಿತವಾಗಿರುವಾಗ ಅದು ದೂರದಲ್ಲಿ ಆಗುತ್ತದೆಂಬುದು ನೆಪವಾಗದು. ಆ ತೀರ್ಪು ಯೋಜನೆಯ ಅನುಮತಿಯನ್ನು ಕುರಿತದ್ದು, ವಕೀಲರನ್ನು ಕುರಿತದ್ದಲ್ಲ. ಅದರ ತರ್ಕವನ್ನು ಕಾನೂನಾಗಿ ಇಲ್ಲಿಗೆ ಎಳೆದು ತರಬಾರದು. ಆತ್ಮಪರೀಕ್ಷೆಯ ಅಳತೆಗೋಲಾಗಿ ತರಬಹುದು. ಪರಿಣಾಮ ದೂರದ್ದಾದರೂ ಅದು ನಿಶ್ಚಿತವಾಗಿ ಬರತಕ್ಕದ್ದಾದರೆ, ಅದನ್ನು ಕಾಣದಂತೆ ಬರೆಯುವುದು ಜಾಣತನವೇ ಹೊರತು ವೃತ್ತಿಧರ್ಮವಲ್ಲ.

6

ಹಾಗಾದರೆ ವಕೀಲಿ ಸಂಸ್ಥೆ ಮಾಡಬಹುದಾದದ್ದೇನು? ಎಲ್ಲವನ್ನೂ ಬದಲಾಯಿಸುವ ಶಕ್ತಿ ಅದಕ್ಕಿಲ್ಲವೆಂಬುದನ್ನು ಒಪ್ಪಿಕೊಂಡೇ ಮೂರು ಮಾತುಗಳನ್ನು ಹೇಳುತ್ತೇವೆ. ಮೊದಲನೆಯದು, ಹಕ್ಕುಪತ್ರಗಳ ಪರಿಶೀಲನೆಯನ್ನು ವಿಸ್ತರಿಸುವುದು. ಈಗ ವಕೀಲನು ಒಡೆತನವನ್ನೂ ಋಣಭಾರವನ್ನೂ ನೋಡುತ್ತಾನೆ; ಅದರೊಡನೆ ನೆಲದ ಬಳಕೆಯನ್ನೂ, ಅಲ್ಲಿನ ಜೀವಜಾತಿಗಳನ್ನೂ, ಮೇವು ನೀರುಗಳ ರೂಢಿಯ ಹಕ್ಕುಗಳನ್ನೂ ವಿಚಾರಿಸಿ ವರದಿಯಲ್ಲಿ ಬರೆಯಬೇಕು. ಎರಡನೆಯದು, ಕರಾರಿನ ಷರತ್ತುಗಳಲ್ಲಿ ಇದಕ್ಕೆ ಸ್ಥಾನ ಕೊಡುವುದು: ತಂತಿಯ ದಾರಿಯನ್ನು ಹಕ್ಕಿಯ ನೆಲೆಯಿಂದ ಆಚೆಗೆ ಒಯ್ಯುವ ವೆಚ್ಚ ಯಾರದು, ಫಲಕಗಳನ್ನು ತೂಗಿಸಿ ಕಾಪಾಡುವವರಾರು, ತಪ್ಪಿದರೆ ಸಾಲಗಾರನ ಸ್ಥಿತಿಯೇನು ಎಂಬುದು ಬರವಣಿಗೆಯಲ್ಲಿ ನಿಲ್ಲಬೇಕು. 2019ರಲ್ಲಿ ಲಂಡನ್ನಿನಲ್ಲಿ ಆರಂಭವಾದ ಚಾನ್ಸರಿ ಲೇನ್ ಪ್ರಾಜೆಕ್ಟ್ ಎಂಬ ವಕೀಲರ ಕೂಟ ಹವಾಮಾನಕ್ಕೆ ಸಂಬಂಧಿಸಿದ ಮಾದರಿ ಷರತ್ತುಗಳನ್ನು ಬರೆದು ಎಲ್ಲರೂ ಉಚಿತವಾಗಿ ಬಳಸುವಂತೆ ಪ್ರಕಟಿಸಿದೆ. ಅವುಗಳಲ್ಲಿ ಹಲವಕ್ಕೆ ಮಕ್ಕಳ ಹೆಸರಿಟ್ಟಿರುವುದು ಅರ್ಥಪೂರ್ಣ. ಅವನ್ನು ಹಾಗೆಯೇ ನಕಲುಮಾಡಿದರೆ ನಮ್ಮ ನೆಲಕ್ಕೆ ಹೊಂದಲಾರವು. ಗೋಮಾಳ, ಓರಣ್‌ಗಳನ್ನು ಬಲ್ಲ ಷರತ್ತುಗಳನ್ನು ನಾವೇ ಬರೆದುಕೊಳ್ಳಬೇಕು. ಮೂರನೆಯದು, ಕಕ್ಷಿಗಾರನು ಎಚ್ಚರಿಕೆಯನ್ನು ಕೇಳದಿದ್ದರೂ ಅದನ್ನು ಲಿಖಿತವಾಗಿ ಕೊಟ್ಟು ಕಡತದಲ್ಲಿಡುವುದು.

ಇವುಗಳ ಮಿತಿಯೂ ನಮಗೆ ತಿಳಿದಿದೆ. ಎಚ್ಚರಿಸುವ ವಕೀಲನನ್ನು ಬಿಟ್ಟು ಎಚ್ಚರಿಸದವನ ಬಳಿಗೆ ಕಕ್ಷಿಗಾರ ಹೋಗಬಹುದು. ಒಂದು ಸಂಸ್ಥೆಯ ಸದ್ಬುದ್ಧಿ ಅಲ್ಲಿಗೆ ಸೋಲುತ್ತದೆ. ಆದುದರಿಂದಲೇ ಲಾ ಸೊಸೈಟಿಯ ಮಾರ್ಗದರ್ಶಿಯಂಥದು ನಮ್ಮ ವಕೀಲರ ಪರಿಷತ್ತಿನಿಂದಲೂ ಬರಬೇಕು. ಎಲ್ಲರಿಗೂ ಸಮಾನವಾದ ನಿಯಮವಿದ್ದಲ್ಲಿ ಎಚ್ಚರಿಸಿದವನು ನಷ್ಟಪಡುವುದಿಲ್ಲ. ಹಾಗೆಯೇ ಸೌರಸ್ಥಾವರ ಮತ್ತು ತಂತಿಗಳನ್ನು ಪರಿಣಾಮ ಪರೀಕ್ಷೆಯಿಂದ ಹೊರಗಿಟ್ಟಿರುವುದು ಇಂದಿಗೆ ಉಚಿತವೆ ಎಂಬುದನ್ನು ಶಾಸಕರು ಪುನಃ ಯೋಚಿಸಬೇಕು. ಒಳ್ಳೆಯ ಉದ್ದೇಶದ ಯೋಜನೆಗೆ ಪರೀಕ್ಷೆ ಬೇಡವೆಂಬ ನಂಬಿಕೆಯೇ ಈ ಮೊಕದ್ದಮೆಯ ಬೀಜ.

ಕೊನೆಯದಾಗಿ, ಈ ಪತ್ರಿಕೆಯ ವಾಚಕರಾದ ಅಧ್ಯಾಪಕರಿಗೂ ವಿದ್ಯಾರ್ಥಿಗಳಿಗೂ ಒಂದು ಬಿನ್ನಹ. ನಮ್ಮ ತರಗತಿಗಳಲ್ಲಿ ಪರಿಸರ ಕಾನೂನನ್ನು ತೀರ್ಪುಗಳ ಮೂಲಕ ಬೋಧಿಸುತ್ತೇವೆ. ದಸ್ತಾವೇಜು ಬರೆಯುವ ಕಲೆಯನ್ನು ಇನ್ನೊಂದು ತರಗತಿಯಲ್ಲಿ, ಬೇರೊಂದು ವಿಷಯವೆಂಬಂತೆ, ಮಾದರಿ ನಮೂನೆಗಳಿಂದ ಕಲಿಸುತ್ತೇವೆ. ಎರೆಭೂತದ ಮೊಕದ್ದಮೆ ಈ ಎರಡು ತರಗತಿಗಳ ನಡುವಣ ಗೋಡೆಯಲ್ಲಿ ಹುಟ್ಟಿದುದೆಂದರೆ ಅತ್ಯುಕ್ತಿಯಾಗಲಾರದು. ಮುಂದಿನ ಸಲ ಗುತ್ತಿಗೆ ಪತ್ರದ ಅಭ್ಯಾಸ ಕೊಡುವಾಗ ಅನುಸೂಚಿಯ ಚೆಕ್ಕುಬಂದಿಯ ಕೆಳಗೆ ಇನ್ನೊಂದು ಸಾಲು ಬರೆಯಲು ವಿದ್ಯಾರ್ಥಿಗೆ ಹೇಳೋಣ: ಈ ನೆಲದಲ್ಲಿ ಯಾರು ಯಾರು ಬದುಕುತ್ತಿದ್ದಾರೆ? ಆ ಸಾಲನ್ನು ತುಂಬಲು ಅವನು ಪುಸ್ತಕಭಂಡಾರದಿಂದ ಎದ್ದು ಹೊಲಕ್ಕೆ ಹೋಗಬೇಕಾದೀತು. ಹೋಗಲಿ.